ಹೊರದೇಶದಿಂದ ವೆಲ್ಡರ್‌ಗಳನ್ನು ಕರೆತಂದಿದ್ದು: ನನ್ನ ಅನುಭವ

ನಮ್ಮದು ಪ್ರೆಶರ್ ಟ್ಯಾಂಕ್ ಮತ್ತು ಪೈಪ್ ಕೆಲಸ ಮಾಡುವ ಫ್ಯಾಬ್ರಿಕೇಷನ್ ಕಾರ್ಖಾನೆ. ಅಲ್ಲಿ ಉತ್ಪಾದನೆ ನೋಡಿಕೊಳ್ಳುವವನು ನಾನು. ಕೆಲವು ವರ್ಷಗಳ ಹಿಂದೆ ನಮ್ಮಲ್ಲಿ ಆರ್ಡರ್ ಇತ್ತು, ಮಷೀನ್ ಇತ್ತು, ಸ್ಟೀಲ್ ಬಂದು ಬಿದ್ದಿತ್ತು. ಆದರೆ ವೆಲ್ಡರ್‌ಗಳಿರಲಿಲ್ಲ. 18 ಬೂತ್‌ಗಳಲ್ಲಿ 7 ಖಾಲಿ. ಹಳಬರು ಒಬ್ಬೊಬ್ಬರಾಗಿ ನಿವೃತ್ತರಾಗುತ್ತಿದ್ದರು, ಹುಡುಗರು ಈ ಕೆಲಸಕ್ಕೆ ಬರುತ್ತಿರಲಿಲ್ಲ. ಮಾಲೀಕರು ಹೊರದೇಶದಿಂದ ಜನ ತರಿಸೋಣ ಎಂದರು. ಆ ಹೊಣೆ ನನ್ನ ತಲೆಗೆ ಬಂತು.

ಹೊರಗೆ ಹುಡುಕುವ ಮೊದಲು ಒಂದು ಕೆಲಸ ಮಾಡಿದೆ. ಕೆಲಸ ಬಿಟ್ಟು ಹೋದವರಿಗೆ ಫೋನ್ ಮಾಡಿ ಯಾಕೆ ಬಿಟ್ಟಿರಿ ಎಂದು ಕೇಳಿದೆ. ಸಂಬಳ ಎನ್ನುತ್ತಾರೆ ಅಂದುಕೊಂಡಿದ್ದೆ. ಹೆಚ್ಚಿನವರು ಹೇಳಿದ್ದು ಎರಡೇ ಮಾತು. ಬೂತಿನೊಳಗೆ ಹೊಗೆ ನಿಲ್ಲುತ್ತದೆ, ಮತ್ತೆ ಯಾವ ಪಾಳಿ ಎಂದು ಹಿಂದಿನ ರಾತ್ರಿವರೆಗೂ ಗೊತ್ತಾಗುವುದಿಲ್ಲ. ಹೊಗೆ ಎಳೆಯುವ ಫ್ಯಾನ್ ಹಾಕಿಸಿದೆವು. ಪಾಳಿಯ ಪಟ್ಟಿಯನ್ನು ಎರಡು ವಾರ ಮುಂಚೆ ಅಂಟಿಸತೊಡಗಿದೆವು. ಇಬ್ಬರು ವಾಪಸ್ ಬಂದರು. ಇನ್ನೂ 5 ಬೂತ್ ಖಾಲಿಯೇ ಉಳಿದವು, ನಿಜ. ಆದರೆ ಇದನ್ನು ಮಾಡದೆ ಹೊರಗಿನವರನ್ನು ತಂದು ಅದೇ ಹೊಗೆಯಲ್ಲಿ ಕೂರಿಸುವುದು ತಪ್ಪಾಗುತ್ತಿತ್ತು. ಊರಿನವನಿಗೆ ಬಿಟ್ಟು ಹೋಗುವ ದಾರಿ ಇರುತ್ತದೆ. ವೀಸಾ ಮೇಲೆ ಬಂದವನಿಗೆ ಅದು ಅಷ್ಟು ಸುಲಭ ಅಲ್ಲ, ಅಲ್ವಾ?

ಪರವಾನಗಿಯ ಕಾಗದಪತ್ರದ ಬಗ್ಗೆ ಜಾಸ್ತಿ ಹೇಳಲು ಹೋಗುವುದಿಲ್ಲ. ಅದು ದೇಶದಿಂದ ದೇಶಕ್ಕೆ ಬೇರೆ. ಈ ಕೆಲಸಕ್ಕೆ ಸ್ಥಳೀಯರು ಸಿಗಲಿಲ್ಲ ಎಂದು ತೋರಿಸಲು ಹಳೆಯ ಜಾಹೀರಾತು, ಬಂದ ಅರ್ಜಿ, ಸಂಬಳದ ವಿವರ ಎಲ್ಲವನ್ನೂ ಮೊದಲ ದಿನದಿಂದ ಒಂದೇ ಫೈಲಿನಲ್ಲಿ ಇಟ್ಟಿದ್ದು ನಮಗೆ ತುಂಬಾ ಉಪಯೋಗವಾಯಿತು.

ನಾವು ಎಡವಿದ್ದು ಏಜೆನ್ಸಿಯ ವಿಷಯದಲ್ಲಿ. ದಕ್ಷಿಣ ಕೊರಿಯಾದಲ್ಲಿ 2004ರಿಂದ ಸರ್ಕಾರಗಳೇ ಒಪ್ಪಂದ ಮಾಡಿಕೊಂಡು ಕಾರ್ಮಿಕರನ್ನು ಕಳಿಸುವ, ಕರೆಸಿಕೊಳ್ಳುವ ವ್ಯವಸ್ಥೆ ಇದೆ. ನಮಗೆ ಅಂಥ ದಾರಿ ಇರಲಿಲ್ಲ. ಒಂದು ಖಾಸಗಿ ಏಜೆನ್ಸಿಯನ್ನು ಹಿಡಿದೆವು. ಕಾರ್ಮಿಕರಿಂದ ಒಂದು ಪೈಸೆಯನ್ನೂ ತೆಗೆದುಕೊಳ್ಳಬಾರದು, ಖರ್ಚೆಲ್ಲ ನಮ್ಮದು ಎಂದು ಒಪ್ಪಂದದಲ್ಲಿ ಬರೆದೆವು. ಅವರು ಸಹಿ ಹಾಕಿದರು. ಅಷ್ಟಕ್ಕೆ ನಾನು ನೆಮ್ಮದಿಯಾದೆ. ವೆಲ್ಡಿಂಗ್ ಪರೀಕ್ಷೆಯನ್ನೂ ಅವರಿಗೇ ಬಿಟ್ಟೆ. ಅವರು ವಿಡಿಯೋ ಕಳಿಸಿದರು, ನಾನು ನೋಡಿ ಒಪ್ಪಿದೆ. 6 ಜನ ಬಂದರು.

ಮೂರನೇ ವಾರ ಅವರಲ್ಲಿ ಒಬ್ಬ ನನ್ನ ಬಳಿ ಬಂದು ಮುಂದಿನ ತಿಂಗಳ ಸಂಬಳದಲ್ಲಿ ಮುಂಗಡ ಕೇಳಿದ. ವಸತಿ ನಮ್ಮದು, ಮೊದಲ ಸಂಬಳ ಆಗಲೇ ಕೈಸೇರಿತ್ತು. ಏನಾದರೂ ಕಾಯಿಲೆಯೇ ಎಂದು ವಿಚಾರಿಸಿದೆ. ಅವನು ಸುಮ್ಮನೆ ನಿಂತ. ಆಮೇಲೆ ಫೋನ್ ತೆಗೆದು ಒಂದು ಫೋಟೋ ತೋರಿಸಿದ. ನೋಟ್‌ಬುಕ್ಕಿನ ಹಾಳೆ, ಗೆರೆ ಎಳೆದು ಮಾಡಿದ ಲೆಕ್ಕ. ಎಡಗಡೆ ತಿಂಗಳು, ಬಲಗಡೆ ಬಡ್ಡಿ. ಅಸಲಿನ ಸಾಲು ಎಲ್ಲೂ ಕಡಿಮೆಯಾಗಿರಲಿಲ್ಲ. ನಮ್ಮಲ್ಲಿ ಸುಮಾರು 7 ತಿಂಗಳು ದುಡಿದರೆ ಬರುವ ಸಂಬಳದಷ್ಟು ಸಾಲ ಅದು.

ಆಮೇಲೆ ಆರೂ ಜನರನ್ನು ಒಬ್ಬೊಬ್ಬರಾಗಿ ಕೂರಿಸಿ ಕೇಳಿದೆ. ಏಜೆನ್ಸಿಗೆ ಸಂಬಂಧವಿಲ್ಲದ ದುಭಾಷಿಯನ್ನು ಕರೆಸಿದ್ದೆ. ಐವರು ದುಡ್ಡು ಕೊಟ್ಟಿದ್ದರು. ಏಜೆನ್ಸಿಯ ಕಚೇರಿಗಲ್ಲ, ಅವರ ಹಳ್ಳಿಗೆ ಬಂದ ದಲ್ಲಾಳಿಗೆ. ಏಜೆನ್ಸಿ ಜನರನ್ನು ತಾನೇ ಹುಡುಕುವುದಿಲ್ಲ, ಕೆಳಗಿನ ದಲ್ಲಾಳಿಗೆ ಹೇಳುತ್ತದೆ. ಅವನು ಇನ್ನೊಬ್ಬನಿಗೆ ಹೇಳುತ್ತಾನೆ. ನಾವು ಕೊಟ್ಟ ಹಣ ಮೇಲಿನ ಮೆಟ್ಟಿಲಲ್ಲೇ ನಿಲ್ಲುತ್ತದೆ. ಕೆಳಗಿನ ಮೆಟ್ಟಿಲಿನವನು ತನ್ನ ಪಾಲನ್ನು ಕಾರ್ಮಿಕನಿಂದ ಕೀಳುತ್ತಾನೆ. ನಮ್ಮ ಒಪ್ಪಂದದ ಕಾಗದ ಆ ಹಳ್ಳಿಯವರೆಗೆ ಹೋಗಿರಲೇ ಇಲ್ಲ.

ಅದರ ಮೇಲೆ ಯಾರಾದರೂ ಕೇಳಿದರೆ ದುಡ್ಡು ಕೊಟ್ಟಿಲ್ಲ ಅನ್ನಬೇಕು ಎಂದು ಅವರಿಗೆ ಹೇಳಿಕೊಟ್ಟಿದ್ದರು. ಹೊರಡುವ ದಿನ ವಿಮಾನ ನಿಲ್ದಾಣದಲ್ಲಿ ಹಾಗೆಯೇ ಬರೆದ ಕಾಗದಕ್ಕೆ ಸಹಿ ಹಾಕಿಸಿಕೊಂಡಿದ್ದರು. ಅದರ ಪ್ರತಿ ನನ್ನ ಫೈಲಿನಲ್ಲಿತ್ತು. ಅದನ್ನು ನಾನು ಒಳ್ಳೆಯ ದಾಖಲೆ ಎಂದು ಜೋಪಾನವಾಗಿ ಇಟ್ಟಿದ್ದೆ. ಇದನ್ನು ಬರೆಯುವಾಗಲೂ ಸಂಕಟವಾಗುತ್ತದೆ.

ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ನಿಯಮಗಳನ್ನು ನಾನು ಪೂರ್ತಿ ಓದಿದ್ದು ಆಗ. ಖಾಸಗಿ ಏಜೆನ್ಸಿಗಳು ಕಾರ್ಮಿಕರಿಂದ ನೇರವಾಗಿ ಆಗಲಿ, ಸುತ್ತುಬಳಸಿ ಆಗಲಿ ಶುಲ್ಕ ತೆಗೆದುಕೊಳ್ಳಬಾರದು ಎಂದು 1997ರ 181ನೇ ಒಡಂಬಡಿಕೆಯ 7ನೇ ವಿಧಿ ಹೇಳುತ್ತದೆ. ಕೆಲವು ವಿನಾಯಿತಿಗೆ ಅದರಲ್ಲಿ ಜಾಗ ಇದೆ. ನಮಗೆ ಜಾಸ್ತಿ ನೆರವಾಗಿದ್ದು 2019ರಲ್ಲಿ ಅದೇ ಸಂಸ್ಥೆ ಹೊರಡಿಸಿದ ವ್ಯಾಖ್ಯೆ. ಯಾವ ಯಾವ ಖರ್ಚು ಕಾರ್ಮಿಕನ ಮೇಲೆ ಬೀಳಬಾರದು ಎಂದು ಅದು ಬಿಡಿಸಿ ಹೇಳುತ್ತದೆ. ವೈದ್ಯಕೀಯ ತಪಾಸಣೆ, ವಿಮೆ, ಕೌಶಲ ಪರೀಕ್ಷೆ, ತರಬೇತಿ, ಸಲಕರಣೆ, ಪ್ರಯಾಣ ಮತ್ತು ತಂಗುವ ಖರ್ಚು, ಪಾಸ್‌ಪೋರ್ಟ್ ವೀಸಾದಂಥ ಕಾಗದಪತ್ರದ ಖರ್ಚು. ಮೊದಲ ಸಲ ನಾವು ಟಿಕೆಟ್ ಮತ್ತು ವೀಸಾ ಮಾತ್ರ ಎಣಿಸಿದ್ದೆವು. ಉಳಿದದ್ದನ್ನು ಯಾರು ಕೊಡುತ್ತಾರೆ ಎಂದು ಯೋಚಿಸಿಯೇ ಇರಲಿಲ್ಲ.

ಮಾಲೀಕರ ಮುಂದೆ ಲೆಕ್ಕ ಇಟ್ಟೆ. ಐವರೂ ಕೊಟ್ಟ ಹಣವನ್ನು ನಾವು ತುಂಬಿಕೊಡಬೇಕು ಎಂದೆ. ಮಾಲೀಕರು ಎರಡು ದಿನ ಸಮಯ ಕೇಳಿ ಒಪ್ಪಿದರು. ರಸೀದಿ ಯಾರ ಬಳಿಯೂ ಇರಲಿಲ್ಲ. ಅವರ ಮಾತನ್ನೇ ನಂಬಿದೆವು. ಬಡ್ಡಿ ಬೆಳೆಯದಿರಲಿ ಎಂದು ಎರಡೇ ಕಂತಿನಲ್ಲಿ ಕೊಟ್ಟೆವು. ಏಜೆನ್ಸಿಯನ್ನು ಬಿಟ್ಟೆವು.

ವಿಡಿಯೋ ಪರೀಕ್ಷೆಯ ಬಣ್ಣವೂ ಆಗಲೇ ಬಯಲಾಗಿತ್ತು. ವೆಲ್ಡಿಂಗ್ ಹೆಲ್ಮೆಟ್ ಹಾಕಿದ ಮೇಲೆ ಒಳಗಿರುವವನು ಯಾರು ಎಂದು ಕಾಣುವುದಿಲ್ಲ. ಆರರಲ್ಲಿ ಒಬ್ಬನಿಗೆ ಪೈಪ್ ವೆಲ್ಡಿಂಗ್ ಬರುತ್ತಲೇ ಇರಲಿಲ್ಲ. ಅವನನ್ನು ವಾಪಸ್ ಕಳಿಸಿಬಿಡಿ ಎಂದರು ಕೆಲವರು. ಅವನೂ ಸಾಲ ಮಾಡಿ ಬಂದವನೇ. ಪ್ಲೇಟ್ ಕೆಲಸಕ್ಕೆ ಹಾಕಿ, ಹಿರಿಯ ಫಿಟ್ಟರ್ ಒಬ್ಬರ ಜೊತೆ ಬಿಟ್ಟೆವು.

ಎರಡನೇ ಸಲ ನಾನೇ ಹೋದೆ, ಜೊತೆಗೆ ನಮ್ಮ ವೆಲ್ಡಿಂಗ್ ಇನ್‌ಸ್ಪೆಕ್ಟರ್. ಪರೀಕ್ಷೆ ನಾಲ್ಕು ದಿನ ನಡೆಯಿತು. ವೆಲ್ಡರ್‌ಗಳು 6ಜಿ ಎನ್ನುವ ಭಂಗಿ ಅದು. ಪೈಪನ್ನು 45 ಡಿಗ್ರಿ ಓರೆಯಾಗಿ ಬಿಗಿದಿರುತ್ತಾರೆ. ಪೈಪ್ ತಿರುಗುವುದಿಲ್ಲ, ವೆಲ್ಡರ್ ಅದರ ಸುತ್ತ ಬರಬೇಕು. ಕೆಳಗೆ ಮಲಗಿದಂತೆ ಕೂತು ಶುರು ಮಾಡಿ ಮೇಲೆ ಮುಗಿಸಬೇಕು.

ಆರ್ಕ್, ಅಂದರೆ ವೆಲ್ಡಿಂಗ್ ಕಿಡಿ, ಹೊತ್ತಿಸುವ ಮೊದಲೇ ಅರ್ಧ ವಿಷಯ ತಿಳಿಯುತ್ತದೆ. ಒಬ್ಬ ಬಂದವನೇ ಎರಡು ಪೈಪಿನ ನಡುವಿನ ಸಂದನ್ನು ನಾಲ್ಕು ಕಡೆ ಅಳೆದ. ಪೈಪುಗಳನ್ನು ಸದ್ಯಕ್ಕೆ ಹಿಡಿದಿಡಲು ಹಾಕಿದ ಚಿಕ್ಕ ವೆಲ್ಡ್, ಅಂದರೆ ಟ್ಯಾಕ್, ಒಂದು ದಪ್ಪವಾಗಿದೆ ಎಂದು ಗ್ರೈಂಡರ್ ಕೇಳಿ ಅದರ ಎರಡೂ ತುದಿ ಸವರಿದ. ಆಮೇಲೆ ವೆಲ್ಡಿಂಗ್ ಟಾರ್ಚ್ ಹಿಡಿದು, ಬೆಂಕಿ ಇಲ್ಲದೆಯೇ, ಕೈಯನ್ನು ಕೆಳಗಿನಿಂದ ಮೇಲಿನವರೆಗೆ ಒಂದು ಸುತ್ತು ತಂದ. ಮೊಣಕೈ ಎಲ್ಲಿ ಊರಬೇಕು ಎಂದು ನೋಡಿಕೊಂಡ. ಇನ್‌ಸ್ಪೆಕ್ಟರ್ ನನ್ನ ಕಡೆ ತಿರುಗಿ ತಲೆಯಾಡಿಸಿದರು. ಅವನ ವೆಲ್ಡ್ ಹೊರಗಿನಿಂದ ನೋಡಲು ಸಾಧಾರಣವಾಗಿತ್ತು. ಪೈಪಿನ ಒಳಗೆ ಬ್ಯಾಟರಿ ಬಿಟ್ಟು ನೋಡಿದರೆ ರೂಟ್, ಅಂದರೆ ವೆಲ್ಡಿನ ಬುಡದ ಪದರ, ಸುತ್ತಲೂ ಒಂದೇ ಸಮ ಇಳಿದಿತ್ತು.

ಅವನ ಪಕ್ಕದವನದು ಮೇಲ್ಪದರ ಕಣ್ಣಿಗೆ ಕಟ್ಟುವಂತಿತ್ತು. ಅದರಿಂದ ಪಟ್ಟಿ ಕತ್ತರಿಸಿ ಬಗ್ಗಿಸಿದಾಗ ರೂಟ್ ಬಾಯಿ ಬಿಟ್ಟಿತು. 3 ಮಿಲಿಮೀಟರ್ ಮೀರಿ ಬಿರುಕು ಬಿಟ್ಟರೆ ಫೇಲ್. 23 ಜನರಲ್ಲಿ 8 ಜನರನ್ನು ಆರಿಸಿದೆವು.

ಪರೀಕ್ಷೆಯ ಶೆಡ್ಡಿನ ಗೋಡೆಗೆ ಅವರ ಭಾಷೆಯಲ್ಲೇ ದೊಡ್ಡ ಅಕ್ಷರದಲ್ಲಿ ಬರೆಸಿ ಅಂಟಿಸಿದ್ದೆ: ಈ ಕೆಲಸಕ್ಕೆ ಯಾರಿಗೂ ಹಣ ಕೊಡಬೇಕಿಲ್ಲ, ಕೊಟ್ಟಿದ್ದರೆ ಹೇಳಿ, ಹೇಳಿದವರ ಕೆಲಸ ಹೋಗುವುದಿಲ್ಲ. ಕೊನೆಯ ಸಾಲನ್ನು ಸೇರಿಸಲು ಹೇಳಿದ್ದು ಮೊದಲ ತಂಡದಲ್ಲಿ ಬಂದವನೇ, ಆ ಫೋಟೋ ತೋರಿಸಿದವನು. ಅದಿಲ್ಲದಿದ್ದರೆ ಯಾರೂ ಬಾಯಿ ಬಿಡುವುದಿಲ್ಲ ಎಂದ.

ಆರಿಸಿದ ಮೇಲೆ ಇನ್ನೊಂದು ತೊಡಕು. ವೆಲ್ಡರ್ 6 ತಿಂಗಳು ಆ ವಿಧಾನದಲ್ಲಿ ಕೆಲಸ ಮಾಡದಿದ್ದರೆ ಅವನ ಅರ್ಹತೆ ಊರ್ಜಿತದಲ್ಲಿ ಉಳಿಯುವುದಿಲ್ಲ. ವೀಸಾ ಬರಲು 5 ತಿಂಗಳು ಹಿಡಿಯಿತು. ವೀಸಾ ಕಾಯುತ್ತಾ ಎಷ್ಟೋ ಜನ ಇದ್ದ ಕೆಲಸವನ್ನೂ ಬಿಟ್ಟು ಕೂರುತ್ತಾರೆ. ಹಾಗಾಗಿ ಟಿಕೆಟ್ ಕೈಗೆ ಬರುವವರೆಗೆ ಕೆಲಸ ಬಿಡಬೇಡಿ ಎಂದು ಹೇಳಿದೆವು. ಕೆಲಸ ಇಲ್ಲದ ಮೂವರಿಗೆ ವಾರಕ್ಕೆ ಎರಡು ದಿನ ಅಭ್ಯಾಸ ಮಾಡಲು ಅದೇ ಶೆಡ್ಡನ್ನು ಬಾಡಿಗೆಗೆ ಹಿಡಿದೆವು.

ಕರಾರು ಪತ್ರ ಅವರ ಭಾಷೆಯಲ್ಲಿತ್ತು. ಓದಲು ಬಾರದ ಒಬ್ಬನಿಗೆ ಓದಿ ಹೇಳಿ, ಅದನ್ನು ಅವನ ಫೋನಿನಲ್ಲೇ ರೆಕಾರ್ಡ್ ಮಾಡಿ ಕೊಟ್ಟೆವು. ಮನೆಯವರಿಗೂ ಕೇಳಿಸಲಿ ಎಂದು. ಸಂಬಳ ನಮ್ಮ ಹಳಬರಿಗೆ ಇದ್ದಷ್ಟೇ. ಇದರಲ್ಲಿ ನಾನು ಒಂಚೂರೂ ಬಿಟ್ಟುಕೊಡಲಿಲ್ಲ. ಕಡಿಮೆ ಸಂಬಳಕ್ಕೆ ಜನ ತಂದರೆ ಹಳಬರು ಅವರನ್ನು ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಅದರಲ್ಲಿ ಹಳಬರ ತಪ್ಪೂ ಇಲ್ಲ. ಬರುವವರ ಸಂಬಳದ ಪಟ್ಟಿಯನ್ನು ಯೂನಿಯನ್ ಮುಖಂಡರಿಗೆ ಮುಂಚೆಯೇ ತೋರಿಸಿದೆ. ಗುಸುಗುಸು ಅಲ್ಲಿಗೇ ನಿಂತಿತು.

ಪಾಸ್‌ಪೋರ್ಟ್ ವಿಷಯ. ಕಳೆದುಹೋಗದಿರಲಿ ಎಂದು ಕಚೇರಿಯಲ್ಲೇ ಇಟ್ಟುಕೊಳ್ಳೋಣ ಎಂದು ನಮ್ಮಲ್ಲೇ ಒಬ್ಬರು ಹೇಳಿದರು. ಕೆಟ್ಟ ಉದ್ದೇಶ ಇರಲಿಲ್ಲ. ಆದರೆ ಬಲವಂತದ ದುಡಿಮೆಯನ್ನು ಗುರುತಿಸಲು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಕೊಟ್ಟಿರುವ 11 ಲಕ್ಷಣಗಳಲ್ಲಿ ಗುರುತಿನ ಕಾಗದ ಕಿತ್ತಿಟ್ಟುಕೊಳ್ಳುವುದೂ ಒಂದು, ಸಾಲದ ಜೀತವೂ ಒಂದು. ಮೊದಲ ತಂಡದಲ್ಲಿ ನಾವು ಎರಡನೆಯದಕ್ಕೆ ಹತ್ತಿರ ಹೋಗಿದ್ದೆವು. ಪ್ರತಿಯೊಬ್ಬರಿಗೂ ವಸತಿಯಲ್ಲಿ ಬೀಗದ ಲಾಕರ್ ಕೊಟ್ಟೆವು. ಕೀಲಿ ಅವರದೇ.

ಭಾಷೆಯ ತರಗತಿ ಪಾಳಿಯ ಹೊತ್ತಿನಲ್ಲೇ ನಡೆಯಿತು. ಶುರುವಿಗೆ ನಲವತ್ತು ಮಾತು ಸಾಕಾಯಿತು. ನಿಲ್ಲಿಸು, ಗ್ಯಾಸ್ ಸೋರುತ್ತಿದೆ, ಮೇಲೆ ಭಾರ ಇದೆ, ಬಿಸಿ ಇದೆ ಮುಟ್ಟಬೇಡ, ನನಗೆ ಅರ್ಥವಾಗಲಿಲ್ಲ. ಕೊನೆಯದನ್ನು ಹೇಳಿಸುವುದೇ ಕಷ್ಟವಾಯಿತು. ಎಲ್ಲದಕ್ಕೂ ಹೂಂ ಎಂದು ತಲೆಯಾಡಿಸುತ್ತಿದ್ದರು. ಹೊಸ ಕೆಲಸ ವಿವರಿಸಿದ ಮೇಲೆ ಅರ್ಥವಾಯಿತೇ ಎಂದು ಕೇಳುವುದನ್ನೇ ಬಿಟ್ಟೆವು. ಮೊದಲು ಏನು ಮಾಡುತ್ತೀಯ, ತೋರಿಸು ಅನ್ನುತ್ತೇವೆ.

ಈಗ ಮೂರನೇ ತಂಡ ಬರುತ್ತಿದೆ. ಈ ಸಲದ ಆಯ್ಕೆಗೆ ಎರಡನೇ ತಂಡದ ಆ ವೆಲ್ಡರ್, ಬೆಂಕಿ ಇಲ್ಲದೆ ಕೈ ಸುತ್ತಿ ನೋಡಿದವನು, ನಮ್ಮ ಜೊತೆ ಬಂದಿದ್ದ. ಪರೀಕ್ಷೆ ಮುಗಿಸಿದವರನ್ನು ಅವನೇ ಹೊರಗೆ ಕರೆದುಕೊಂಡು ಹೋಗಿ ಮಾತಾಡಿಸುತ್ತಿದ್ದ. ಪಾಸಾದ ಒಬ್ಬ ಹುಡುಗ ದಲ್ಲಾಳಿಗೆ ಮುಂಗಡ ಕೊಟ್ಟಿದ್ದ ವಿಷಯ ಹೊರಬಿದ್ದದ್ದು ಹಾಗೆ. ನಾನು ಹೊಸ ಏಜೆನ್ಸಿಯವರನ್ನು ಕರೆಸಿ, ಆ ಹಣ ಹುಡುಗನ ಕೈಗೆ ವಾಪಸ್ ಬರುವವರೆಗೆ ನಿಮ್ಮ ಬಿಲ್ಲಿಗೆ ಸಹಿ ಹಾಕುವುದಿಲ್ಲ ಎಂದೆ. 9 ದಿನ ಹಿಡಿಯಿತು. ಹತ್ತನೇ ದಿನ ಹುಡುಗ ಫೋನ್ ಮಾಡಿ, ಹಣ ಅಮ್ಮನ ಕೈಗೆ ಕೊಟ್ಟೆ ಸರ್ ಎಂದ. ಅವನ ವೀಸಾ ಇನ್ನೂ ಬರಬೇಕಿದೆ.