ಗಗನಚುಕ್ಕಿಗೆ ಕಾರು ಹೇಳುವ ಮೊದಲು

ಶಿವನಸಮುದ್ರದ ಗಗನಚುಕ್ಕಿ, ಭರಚುಕ್ಕಿ ಜಲಪಾತಗಳಿಗೆ ಬಾಡಿಗೆ ಕಾರು ಹೇಳುವ ಮೊದಲು ಮಳೆ ನೋಡಬೇಡಿ, ಪೇಪರ್‌ನಲ್ಲಿ ಕೆಆರ್‌ಎಸ್ ಮತ್ತು ಕಬಿನಿಯ ಹೊರಹರಿವು ನೋಡಿ. ಎರಡೂ ಅಣೆಕಟ್ಟೆಗಳ ನೀರು ತಿರುಮಕೂಡಲಿನಲ್ಲಿ ಸೇರಿ ಶಿವನಸಮುದ್ರಕ್ಕೆ ಬರುತ್ತದೆ. ಕಟ್ಟೆ ತುಂಬಿ ನೀರು ಬಿಡುವವರೆಗೆ ಕೊಡಗಿನಲ್ಲಿ ಎಷ್ಟೇ ಸುರಿದರೂ ಇಲ್ಲಿ ಬಂಡೆಯೇ ಜಾಸ್ತಿ. ಆದರೆ ಹೊರಹರಿವಿನ ಲೆಕ್ಕದಲ್ಲಿ ನಾಲೆಗೆ ಬಿಟ್ಟ ನೀರೂ ಸೇರಿರಬಹುದು, ಆಗ ಅಂಕಿ ನಂಬಿ ಹೋದರೆ ಸುಮ್ನೆ ಡೀಸೆಲ್ ದಂಡ. ನದಿಗೆ ಎಷ್ಟು ಬಿಟ್ಟಿದ್ದಾರೆ ಅನ್ನುವುದೇ ಮುಖ್ಯ. ಕಡಿಮೆ ಇದ್ದರೆ ಅದರಲ್ಲೂ ಒಂದು ಪಾಲು ಇಲ್ಲಿನ ವಿದ್ಯುತ್ ಕೇಂದ್ರಕ್ಕೇ ಹೋಗಿ ಜಲಪಾತಕ್ಕೆ ಉಳಿಯುವುದು ಅಷ್ಟಕ್ಕಷ್ಟೇ. ತೀರಾ ಜಾಸ್ತಿ ಇದ್ದರೆ ಭರಚುಕ್ಕಿಯಲ್ಲಿ ಕೆಳಗಿಳಿಯುವ ಆಸೆ ಬಿಡಿ. ಬೆಂಗಳೂರಿನಿಂದ ಹೋಗಿಬರಲು ಸುಮಾರು 270 ಕಿ.ಮೀ. ಆಗುತ್ತದೆ. ದಿನಕ್ಕೆ ಕನಿಷ್ಠ 300 ಕಿ.ಮೀ. ಲೆಕ್ಕದ ಬಾಡಿಗೆಯಾದರೆ ಎರಡೂ ಜಲಪಾತ ಅದರಲ್ಲೇ ಮುಗಿಯುತ್ತವೆ.