ಹ್ಯೂ ನಿಕೋಲ್ ಕದ್ದ ಬೇಸ್‌ಗಳನ್ನು ಎಣಿಸಲು ಹೋದಾಗ

ಕ್ರಿಕೆಟ್‌ನಲ್ಲಿ ನಾವು ‘ರನ್ ಕದ್ದ’ ಅಂತೀವಲ್ವಾ, ಅದಕ್ಕೆ ಸ್ಕೋರ್ ಪುಸ್ತಕದಲ್ಲಿ ಬೇರೆ ಜಾಗ ಇಲ್ಲ. ಕದ್ದರೂ ಒಂದೇ ರನ್, ನಿಧಾನವಾಗಿ ನಡೆದುಹೋದರೂ ಒಂದೇ ರನ್. ಬೇಸ್‌ಬಾಲ್‌ನಲ್ಲಿ ಹಾಗಲ್ಲ. ಅಲ್ಲಿ ಓಟಗಾರ ಒಂದೊಂದಾಗಿ ಮುಟ್ಟುತ್ತಾ ಸುತ್ತಬೇಕಾದ ಮೂಲೆಗಳೇ ಬೇಸ್‌ಗಳು. ಪಿಚರ್ (ನಮ್ಮ ಬೌಲರ್ ಇದ್ದ ಹಾಗೆ) ಚೆಂಡು ಎಸೆಯುವ ಹೊತ್ತಿಗೆ ಒಂದನೇ ಬೇಸ್‌ನಲ್ಲಿದ್ದವನು ಓಡಿಹೋಗಿ ಎರಡನೆಯದನ್ನು ಮುಟ್ಟಿದರೆ ಅದು ಸ್ಟೋಲನ್ ಬೇಸ್. ಅವನ ಹೆಸರಿನ ಮುಂದೆ ಒಂದು ಕಳ್ಳತನ ಏರುತ್ತದೆ.

ನಾನು ಬೆಂಗಳೂರಿನಲ್ಲಿ ಕೆಲವು ವರ್ಷ ಭಾನುವಾರದ ಲೀಗ್ ಪಂದ್ಯಗಳಿಗೆ ಸ್ಕೋರರ್ ಆಗಿ ಕೂತವನು. ಹೊಟ್ಟೆಪಾಡಿಗೆ ಡೇಟಾ ಕೆಲಸ. ಹಳೆಯ ಅಮೆರಿಕನ್ ಬೇಸ್‌ಬಾಲ್ ಅಂಕಿಅಂಶ ನೋಡುತ್ತಾ ಇದ್ದಾಗ ಒಂದು ಹೆಸರಿನ ಹತ್ತಿರ ನಿಂತುಬಿಟ್ಟೆ. ಹ್ಯೂ ನಿಕೋಲ್, ಸಿನ್ಸಿನಾಟಿ ತಂಡ, 1887. ಸ್ಟೋಲನ್ ಬೇಸ್ 138. ಹಿಟ್, ಅಂದರೆ ಚೆಂಡು ಹೊಡೆದು ಬೇಸ್ ತಲುಪಿದ್ದು, 102. ಹೊಡೆದಿದ್ದಕ್ಕಿಂತ ಕದ್ದಿದ್ದೇ ಜಾಸ್ತಿ! (ಆ ಒಂದು ವರ್ಷ ವಾಕ್‌ಗಳನ್ನೂ, ಅಂದರೆ ಪಿಚರ್ ಸರಿಯಾಗಿ ಎಸೆಯದೆ ಪುಕ್ಕಟೆ ಸಿಕ್ಕ ಒಂದನೇ ಬೇಸನ್ನೂ, ಹಿಟ್ ಅಂತಲೇ ಎಣಿಸುತ್ತಿದ್ದರು. ಈ 102 ಅವನ್ನು ತೆಗೆದ ಮೇಲೆ ಉಳಿದಿದ್ದು.) 1982ರಲ್ಲಿ ರಿಕಿ ಹೆಂಡರ್ಸನ್ ಕದ್ದ 130 ಕೂಡ ಇದಕ್ಕಿಂತ ಕಡಿಮೆ. ಆದರೂ ದಾಖಲೆ ಅಂದರೆ ಎಲ್ಲರೂ ಹೆಂಡರ್ಸನ್ ಹೆಸರನ್ನೇ ಹೇಳುತ್ತಾರೆ. ಯಾಕೆ ಅಂತ ನೋಡೋಣ ಅಂದುಕೊಂಡೆ.

ಶುರುವಿನಲ್ಲೇ ಎಡವಿದೆ. ಬೇಸ್‌ಬಾಲ್ ಅಂಕಿಅಂಶಗಳ ಲಾಹ್ಮನ್ ಡೇಟಾಬೇಸ್ ಇಳಿಸಿಕೊಂಡು, ಕದಿಯಲು ಹೋದವನು ಎಷ್ಟು ಸಲ ದಕ್ಕಿಸಿಕೊಂಡ ಅಂತ ಶೇಕಡಾ ಲೆಕ್ಕ ಹಾಕಿದೆ. ಹಳೆಯ ಕಾಲದ ಹೆಸರಾಂತ ಆಟಗಾರ ಟೈ ಕಾಬ್ 1915ರಲ್ಲಿ 96 ಬೇಸ್ ಕದ್ದ, 38 ಸಲ ಸಿಕ್ಕಿಬಿದ್ದ. ಶೇ. 72ರ ಹತ್ತಿರ. ನಿಕೋಲ್‌ಗೆ? ಶೇ. 100. ಒಂದು ಸಲವೂ ಸಿಕ್ಕಿಬೀಳದ ಕಳ್ಳ! ಅರ್ಧ ದಿನ ಖುಷಿಪಟ್ಟೆ. ಆಮೇಲೆ ಮೂಲ ಫೈಲ್ ತೆಗೆದು ನೋಡಿದರೆ ಅವನ ಸಾಲಿನಲ್ಲಿ ಸಿಕ್ಕಿಬಿದ್ದ ಲೆಕ್ಕದ ಜಾಗ ಖಾಲಿ. ಅದನ್ನು ಆ ಕಾಲದಲ್ಲಿ ಯಾರೂ ಬರೆದಿಟ್ಟೇ ಇರಲಿಲ್ಲ. ಖಾಲಿ ಜಾಗವನ್ನು ಸೊನ್ನೆ ಮಾಡಿದ್ದು ನನ್ನದೇ ಕೋಡ್.

ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು. ಲೀಗ್‌ಗಳು ಸ್ಟೋಲನ್ ಬೇಸ್ ಲೆಕ್ಕ ಇಡಲು ಶುರುಮಾಡಿದ್ದು 1886ರಲ್ಲಿ. ಆಗಿನ ಕಳ್ಳತನವೇ ಬೇರೆ ಥರದ್ದು. ಜೊತೆಗಾರ ಒಂದು ಸಿಂಗಲ್ (ತಾನು ಒಂದನೇ ಬೇಸ್ ತಲುಪುವಷ್ಟು ಹೊಡೆತ) ಹೊಡೆದ ಅಂತಿಟ್ಟುಕೊಳ್ಳಿ. ಒಂದನೇ ಬೇಸ್‌ನಲ್ಲಿದ್ದವನು ಎರಡಕ್ಕೆ ನಿಲ್ಲದೆ ಮೂರನೆಯದಕ್ಕೂ ಓಡಿಬಿಟ್ಟರೆ ಅದನ್ನೂ ಕದ್ದ ಬೇಸ್ ಅಂತ ಕೊಡುತ್ತಿದ್ದರು. ನಮ್ಮಲ್ಲಿ ಫೀಲ್ಡರ್ ಸ್ವಲ್ಪ ಸೋಮಾರಿ ಅಂತ ಕಂಡರೆ ಒಂದಿದ್ದಲ್ಲಿ ಎರಡು ಓಡ್ತೀವಲ್ಲ, ಹಾಗೆ. 1898ರಲ್ಲಿ ನಿಯಮ ಬದಲಾಯಿತು, ಈಗಿನ ಅರ್ಥ ಬಂತು. 1897ರಲ್ಲಿ ಬಿಲ್ ಲ್ಯಾಂಗ್ 73 ಕದ್ದು ಮೊದಲಿಗ. ಮರುವರ್ಷ ಎಡ್ ಡೆಲಹಾಂಟಿ 58ಕ್ಕೇ ಮೊದಲಿಗ.

ಹಾಗಾದರೆ ನಿಕೋಲ್‌ನ 138ರಲ್ಲಿ ಈಗಿನ ಲೆಕ್ಕಕ್ಕೆ ಬರುವವು ಎಷ್ಟು? ಬೇರೆ ಮಾಡೋಣ ಅಂತ ಫಿಲಡೆಲ್ಫಿಯಾದ ‘ಸ್ಪೋರ್ಟಿಂಗ್ ಲೈಫ್’ ವಾರಪತ್ರಿಕೆಯ ಸ್ಕ್ಯಾನ್‌ಗಳನ್ನು ತೆಗೆದೆ. 1887ರ ಮೇ ತಿಂಗಳು ಸಾಕು ಅಂದುಕೊಂಡೆ, ಪೂರ್ತಿ ಸೀಸನ್‌ಗೆ ಧೈರ್ಯ ಬರಲಿಲ್ಲ. ಬಾಕ್ಸ್ ಸ್ಕೋರ್, ಅಂದರೆ ಪಂದ್ಯದ ಅಂಕಪಟ್ಟಿಯ ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ಕದ್ದವರ ಹೆಸರು, ಒಂದಕ್ಕಿಂತ ಹೆಚ್ಚಾದರೆ ಪಕ್ಕದಲ್ಲಿ ಅಂಕಿ. ಯಾವ ಇನಿಂಗ್ಸ್, ಯಾವ ಬೇಸ್, ಹೇಗೆ ಕದ್ದ, ಒಂದೂ ಇಲ್ಲ. ಸರ್ಚ್ ನಂಬುವ ಹಾಗಿಲ್ಲ. ಮಸಿ ಹರಡಿ ಹೆಸರಿನ ಒಂದು ಅಕ್ಷರ ಇನ್ನೊಂದಾಗಿರುತ್ತದೆ. ಕಣ್ಣಲ್ಲೇ ಓದಬೇಕು. ಒಂದು ಕಡೆ ಅವನ ಹೆಸರಿನ ಪಕ್ಕದ ಅಂಕಿಯನ್ನು ನಾಲ್ಕು ಪಟ್ಟು ದೊಡ್ಡದು ಮಾಡಿ ನೋಡಿದೆ, 2 ಅಥವಾ 3. ಹೆಂಡತಿ 3 ಅಂದಳು. ನಾನು ಪ್ರಶ್ನೆ ಚಿಹ್ನೆ ಹಾಕಿದೆ.

ಸ್ಕೋರರ್ ಆಗಿ ಕೂತವನಿಗೆ ಇಲ್ಲಿ ಇನ್ನೊಂದು ಸಂಕಟ. ಕ್ರಿಕೆಟ್‌ನಲ್ಲಿ ಇಬ್ಬರು ಸ್ಕೋರರ್ ಪಕ್ಕಪಕ್ಕ ಕೂತು ಓವರ್ ಮುಗಿದಾಗಲೆಲ್ಲ ತಾಳೆ ನೋಡಿಕೊಳ್ತೀವಿ. ಅಲ್ಲಿ ಅಧಿಕೃತ ಸ್ಕೋರರ್ ಒಬ್ಬನೇ, ಎಷ್ಟೋ ಸಲ ಊರಿನ ಪತ್ರಿಕೆಯ ವರದಿಗಾರ. ಜೊತೆಗಾರನ ಹಿಟ್ ಮೇಲೆ ಮೂರಕ್ಕೆ ಓಡಿದ್ದು ಕಳ್ಳತನವೋ ಫೀಲ್ಡರ್ ಬೇಜವಾಬ್ದಾರಿಯೋ, ಅವನು ಬರೆದಿದ್ದೇ ವೇದ. ಬೇಸ್‌ಬಾಲ್ ಲೆಕ್ಕಕ್ಕೆ ದಾರಿ ಹಾಕಿಕೊಟ್ಟ ಹೆನ್ರಿ ಚಾಡ್ವಿಕ್ ಇಂಗ್ಲೆಂಡಿನಲ್ಲಿ ಹುಟ್ಟಿ, ಮೊದಲು ಕ್ರಿಕೆಟ್ ವರದಿ ಬರೆಯುತ್ತಿದ್ದವನು. ಇಬ್ಬರು ಸ್ಕೋರರ್ ಕೂರುವ ಈ ಪದ್ಧತಿಯೊಂದನ್ನು ಅವನು ಜೊತೆಗೆ ಒಯ್ದಿದ್ದರೆ ನನಗೆ ಎಷ್ಟು ಸುಲಭವಾಗುತ್ತಿತ್ತು!

ಕೊನೆಗೆ ಬೇರೆ ಮಾಡುವುದನ್ನು ಬಿಟ್ಟೆ. ಶೀಟ್‌ನಲ್ಲಿ ‘ಯಾವ ನಿಯಮ’ ಅಂತ ಒಂದು ಕಾಲಂ ಸೇರಿಸಿದೆ: 1886ರಿಂದ 1897ರವರೆಗೆ ‘ಹಳೆಯದು’, ಆಮೇಲೆ ‘ಹೊಸದು’. ಸರಾಸರಿ ತೆಗೆಯುವಾಗ ಎರಡನ್ನೂ ಬೆರೆಸುವುದಿಲ್ಲ. ಉಳಿದದ್ದು ಜಾರ್ಜ್ ಗೋರ್. ಶಿಕಾಗೋದ ಈತ 1881ರ ಜೂನ್ 25ರಂದು ಒಂದೇ ಪಂದ್ಯದಲ್ಲಿ 7 ಬೇಸ್ ಕದ್ದ. ಆಗಿನ್ನೂ ಲೀಗ್ ಲೆಕ್ಕವೇ ಕೇಳುತ್ತಿರಲಿಲ್ಲ. ಅವನಿಗೆ ‘ಹಳೆಯದು’ ಅಂತಲೂ ಬರೆಯಲಾಗದೆ, ಸದ್ಯಕ್ಕೆ ‘ಪತ್ರಿಕೆ ಮಾತ್ರ’ ಅಂತ ಮೂರನೇ ಹೆಸರು ಕೊಟ್ಟಿದ್ದೀನಿ. ಆ ಸಾಲಿನಲ್ಲಿ ಈಗ ಅವನೊಬ್ಬನೇ ಇದ್ದಾನೆ.