ಬಿಳಚಿದ ಕಿವಿರು

ಸೋಮವಾರಪೇಟೆ ಕಡೆ ನಮ್ಮದು ಸಣ್ಣ ಕಾಫಿ ತೋಟ. ತಗ್ಗಿನಲ್ಲಿ ಅರ್ಧ ಎಕರೆಯ ಕೆರೆ. ಹೂಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್‌ಗೆ ಅದೇ ನೀರು. ಅದರಲ್ಲೇ ಕಾಟ್ಲಾ, ರೋಹು, ಸಾಮಾನ್ಯ ಗೆಂಡೆ ಸಾಕುತ್ತೇನೆ.

ಎರಡು ವರ್ಷದ ಹಿಂದೆ ಗೆಂಡೆಗಳು ಸೊರಗತೊಡಗಿದವು. ತಲೆ ದಪ್ಪ, ಮೈ ಬಡಕಲು. ಜುಲೈ-ಆಗಸ್ಟ್‌ನ ಕಕ್ಕಡ ತಿಂಗಳ ಚಳಿಗೆ ಮೀನು ಮೇವು ಬಿಡುವುದು ಮಾಮೂಲು, ಆದರೆ ಅಕ್ಟೋಬರ್ ಬಿಸಿಲು ಬಂದರೂ ಹಿಂಡಿ, ತೌಡು ಹಾಗೇ ಉಳಿಯುತ್ತಿತ್ತು. ಬೆಳಗಿನ ಜಾವ ಮೇಲೆ ಬಂದು ಬಾಯಿ ಬಡಿಯುತ್ತಿದ್ದವು. ನೀರಲ್ಲಿ ಆಮ್ಲಜನಕ ಕಮ್ಮಿಯಾಗಿದೆ ಅಂದುಕೊಂಡು ಒಂದು ವಾರ ಮೋಟಾರ್ ಹಾಕಿ ನೀರು ಚಿಮ್ಮಿಸಿದೆ. ಏನೂ ಬದಲಾಗಲಿಲ್ಲ.

ದೀಪಾವಳಿಗೆ ಅಕ್ಕನ ಮಗಳು ಬಂದಿದ್ದಳು. ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ ಓದಿದವಳು. "ಮಾವ, ನೀರು ಆಮೇಲೆ. ಮೊದಲು ಕಿವಿರು ನೋಡಿ" ಅಂದಳು.

ಕಾಫಿ ಹಣ್ಣಿನ ಹಾಗೆ ಕೆಂಪಗಿರಬೇಕಾದ ಕಿವಿರು, ನೀರಲ್ಲಿ ನೆನೆಹಾಕಿದ ಮಾಂಸದ ಹಾಗೆ ಬಿಳಚಿಕೊಂಡಿತ್ತು. ರೆಕ್ಕೆಯ ಬುಡದಲ್ಲಿ ಸಣ್ಣ ಜಿಗಣೆಗಳು. ಅವನ್ನು ನಾನು ಮೊದಲೇ ನೋಡಿದ್ದೆ, ಲೆಕ್ಕಕ್ಕೆ ತಗೊಂಡಿರಲಿಲ್ಲ. ಮಳೆಗಾಲ ಪೂರ್ತಿ ಕಾಲಿಗೆ ಇಂಬಳ ಹತ್ತಿಸಿಕೊಂಡು ಓಡಾಡುವವರಿಗೆ ಜಿಗಣೆ ಏನು ಹೊಸದು, ಅಲ್ವಾ?

ಪರಿಚಯದ ಮೇಷ್ಟ್ರ ಹತ್ತಿರ ಸೂಕ್ಷ್ಮದರ್ಶಕ ಕೇಳಿ ತಂದೆವು. ಬಾಲದ ಬುಡದಿಂದ ಅವಳು ಒಂದು ಹನಿ ರಕ್ತ ತೆಗೆದಳು. ನೀರು ನೀರಾಗಿತ್ತು. ಗಾಜಿನ ಮೇಲಿಟ್ಟು ಇಣುಕಿದರೆ, ಮೊಟ್ಟೆಯಾಕಾರದ ಕೆಂಪು ರಕ್ತಕಣಗಳ ನಡುವೆ ಗಾಜಿನಂಥ ಸಣ್ಣ ಎಳೆಯೊಂದು ಒದ್ದಾಡುತ್ತಿತ್ತು. ಅದು ಹೊರಳಿದಾಗೆಲ್ಲ ಕಣಗಳು ಅತ್ತಿತ್ತ ಸರಿಯುತ್ತಿದ್ದವು. ಟ್ರಿಪನೋಸೋಮ ಅಂತ ಹೆಸರು ಹೇಳಿದಳು, ರಕ್ತದಲ್ಲಿ ಬದುಕುವ ಒಂದೇ ಜೀವಕೋಶದ ಪರಾವಲಂಬಿ. ಬಹಳ ಹೊತ್ತು ಕಣ್ಣು ತೆಗೆಯಲಾಗಲಿಲ್ಲ.

ಬಾಯಿ ಬಡಿಯುವುದರ ಗುಟ್ಟು ಆಗ ತಿಳಿಯಿತು. ಈ ಪರಾವಲಂಬಿ ಜಾಸ್ತಿಯಾದರೆ ಕೆಂಪು ಕಣ ಕಮ್ಮಿಯಾಗುತ್ತದೆ. ನೀರಲ್ಲಿ ಎಷ್ಟೇ ಆಮ್ಲಜನಕ ಇರಲಿ, ಮೈಗೆ ಹೊತ್ತೊಯ್ಯಲು ರಕ್ತಕ್ಕೆ ತಾಕತ್ತಿಲ್ಲ. ನಾಲ್ಕಾರು ಇದ್ದರೆ ಮೀನು ತಡೆದುಕೊಳ್ಳುತ್ತದೆ. ಜಾಸ್ತಿಯಾದರೆ ಸೊರಗುತ್ತದೆ, ಬೇರೆ ರೋಗಕ್ಕೂ ಸುಲಭದ ತುತ್ತು. ಒಂದು ಮೀನಿನ ರಕ್ತ ಹೀರಿದ ಜಿಗಣೆ ಇನ್ನೊಂದನ್ನು ಕಚ್ಚುವಾಗ ಇದನ್ನೂ ದಾಟಿಸುತ್ತದೆ. ತೊರೆಯಿಂದ ಒಳಗೆ ಬರುವ ಕೊರವದಂಥ ಕಾಡುಮೀನುಗಳ ರಕ್ತದಲ್ಲೂ ಇರಬಹುದು. ಮನುಷ್ಯರಿಗೆ ಇದು ಬರುವುದಿಲ್ಲ. ಬೇಯಿಸಿದ ಮೀನು ತಿನ್ನಲು ಹೆದರಬೇಕಿಲ್ಲ.

ರಕ್ತದೊಳಗಿನದ್ದಕ್ಕೆ ಕೆರೆಗೆ ಸುರಿಯುವ ಔಷಧಿ ಹುಡುಕಬೇಡಿ, ಜಿಗಣೆ ಹಿಡಿಯಿರಿ ಅಂದಳು. ಆ ಮಾತು ನನಗೆ ಸರಿ ಕಂಡಿತು. ತೀರಾ ಸೊರಗಿದ್ದನ್ನು ತೆಗೆದುಬಿಟ್ಟೆ. ಉಳಿದದ್ದನ್ನು ಬೇಸಿಗೆಯಲ್ಲಿ ಹಿಡಿದು ಮಾರಿ, ಕೆರೆ ಪೂರ್ತಿ ಬಸಿದೆ. ಜೊಂಡು, ಕೊಳೆತ ಕೊಂಬೆ ಎಲ್ಲ ಎಳೆಸಿದೆ. ಜಿಗಣೆ ಅಡಗುವುದೇ ಅಲ್ಲಿ. ನೆಲ ಬಿರುಕು ಬಿಡುವ ತನಕ ಒಣಗಿಸಿ, ಸುಮಾರು 200 ಕಿಲೋ ಸುಟ್ಟ ಸುಣ್ಣ ಎರಚಿದೆವು. ನಮ್ಮದು ಹುಳಿ ಮಣ್ಣು, ಅಷ್ಟು ಬೇಕಾಯಿತು. 15 ದಿನ ಬಿಟ್ಟು ನೀರು ತುಂಬಿಸಿದೆ. ತೊರೆಯ ನೀರು ಬರುವ ಬಾಯಿಗೆ ಸಣ್ಣ ಕಣ್ಣಿನ ಬಲೆ ಕಟ್ಟಿದೆ. ಹೊಸ ಮರಿಗಳನ್ನು ಲೀಟರಿಗೆ 25 ಗ್ರಾಂ ಉಪ್ಪು ಹಾಕಿದ ನೀರಲ್ಲಿ ಐದು ನಿಮಿಷ ಅದ್ದಿ, ಪಕ್ಕದಲ್ಲೇ ನಿಂತು ನೋಡಿ, ಆಮೇಲೆ ಬಿಟ್ಟೆ. ಮರಿ ಮಗುಚಿದರೆ ತಕ್ಷಣ ಸಿಹಿನೀರಿಗೆ ಹಾಕಬೇಕು.

ಈಗ ತಿಂಗಳಿಗೊಮ್ಮೆ ಐದು ಮೀನು ಹಿಡಿದು ಕಿವಿರಿನ ಮುಚ್ಚಳ ಎತ್ತಿ ನೋಡುತ್ತೇನೆ. ಕಳೆದ ವಾರ ಐದೂ ಕೆಂಪಗಿದ್ದವು. ಆದರೆ ಒಂದರ ರೆಕ್ಕೆ ಬುಡದಲ್ಲಿ ಜಿಗಣೆ ಇತ್ತು. ಹೋಗಿ ನೋಡಿದರೆ ತೊರೆ ಬಾಯಿಯ ಬಲೆ ಹರಿದಿತ್ತು. ಇವತ್ತು ಬೆಳಿಗ್ಗೆ ಹೊಸದು ಕಟ್ಟಿ ಬಂದೆ.